ಸಂಡಿಗೆಯ ತಾರಸಿಯೂ ಮಳೆಯ ಡ್ರಮ್ಮೂ

ನಮ್ಮ ಮನೆಯ ತಾರಸಿ ವರ್ಷಕ್ಕೆ ನಾಲ್ಕು ತಿಂಗಳು ನನ್ನದು, ಉಳಿದ ಎಂಟು ತಿಂಗಳು ಪಾರಿವಾಳಗಳದು. ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದಂತೆ ಹಳೆಯ ಪಂಚೆಗಳ ಗಂಟು ಹೊತ್ತು ಮೇಲೆ ಹತ್ತುತ್ತೇನೆ. ಸಬ್ಬಕ್ಕಿ ಸಂಡಿಗೆ, ಅಕ್ಕಿ ಸಂಡಿಗೆ, ಉದ್ದಿನ ಹಪ್ಪಳ, ಬಾಳಕದ ಮೆಣಸಿನಕಾಯಿ. ನಮ್ಮ ಬೀದಿಯ ಹತ್ತು ಹನ್ನೆರಡು ಮನೆಗೆ, ಎರಡು ಅಂಗಡಿಗೆ ಕೊಡುವಷ್ಟು ಮಾಡುತ್ತೇನೆ. ಹದಿನೆಂಟು ವರ್ಷಗಳಿಂದ ನನ್ನ ಕೈಖರ್ಚು ನಡೆಯುತ್ತಿರುವುದು ಈ ಬಿಸಿಲಿನಿಂದ. ಹೀಗಾಗಿ ಮಳೆಗೂ ನನಗೂ ಅಷ್ಟಕ್ಕಷ್ಟೇ. ಅಶ್ವಿನಿ ಮಳೆಯ ಮೊದಲ ಗುಡುಗು ಕೇಳಿದರೆ ಸಾಕು, ಒಲೆಯ ಮೇಲಿದ್ದದ್ದನ್ನು ಇದ್ದಂತೆ ಬಿಟ್ಟು ಮೇಲಕ್ಕೆ ಓಡುತ್ತಿದ್ದೆ. ಈಗಲೂ ಓಡುತ್ತೇನೆ. ಆದರೆ ಸಂಡಿಗೆ ಬಾಚಿ ಒಳಗೆ ಹಾಕಿದ ಮೇಲೆ ಇನ್ನೊಂದು ಓಟ ಇದೆ, ಕೆಳಕ್ಕೆ. ತುಳಸಿಕಟ್ಟೆಯ ಪಕ್ಕ ಗೋಡೆಗೆ ಅಂಟಿಕೊಂಡು ಇಳಿಯುವ ಪೈಪಿನ ತುದಿಯಲ್ಲಿ ಒಂದು ಬೆಂಡ್, ಎಂದರೆ ಬಾಗಿದ ತುಂಡು, ಇದೆ. ಅದನ್ನು ಬಾಳೆಯ ಕಡೆಯಿಂದ ಡ್ರಮ್ಮಿನ ಕಡೆಗೆ ತಿರುಗಿಸಬೇಕು. ಯಾವಾಗ ತಿರುಗಿಸಬೇಕು ಎನ್ನುವುದನ್ನು ಕಲಿಯಲು ನನಗೆ ಎರಡು ಮಳೆಗಾಲ ಹಿಡಿಯಿತು.

ಮನೆ ಕಟ್ಟಿದ್ದು 2003ರಲ್ಲಿ, ಬೆಂಗಳೂರಿನ ಮಾಗಡಿ ರಸ್ತೆಯ ಆಚೆ, ಮೂವತ್ತು-ನಲವತ್ತರ ಸೈಟಿನಲ್ಲಿ. ಮಳೆನೀರು ಕೊಯ್ಲು ಕಡ್ಡಾಯ ಎಂದು ಕಾನೂನು ಬಂದದ್ದು 2009ರಲ್ಲಿ. ಹೊಸದಾಗಿ ಕಟ್ಟುವವರಿಗೆ ಮೂವತ್ತು-ನಲವತ್ತರಿಂದಲೇ ಕಡ್ಡಾಯ, ಆಗಲೇ ಕಟ್ಟಿದ್ದವರಿಗೆ ಅರವತ್ತು-ನಲವತ್ತು ಮತ್ತು ಅದಕ್ಕಿಂತ ದೊಡ್ಡ ಸೈಟಾದರೆ ಮಾತ್ರ. ಆ ದಿನದ ಪತ್ರಿಕೆ ಓದಿದ ನಮ್ಮ ಯಜಮಾನರು "ಸದ್ಯ, ನಮಗೆ ತಗುಲುವುದಿಲ್ಲ" ಎಂದು ಅದನ್ನು ಮಡಿಸಿ ಇಟ್ಟರು. ನಾನೂ ನಿಟ್ಟುಸಿರು ಬಿಟ್ಟೆ. ಕಾವೇರಿ ನೀರು ವಾರಕ್ಕೆ ಎರಡು ದಿನ ಬರುತ್ತಿತ್ತು, ಉಳಿದದ್ದಕ್ಕೆ ಬೋರ್‌ವೆಲ್ ಇತ್ತು. ಮಳೆಯ ನೀರನ್ನು ಹಿಡಿದಿಡುವ ದರಿದ್ರ ನಮಗೇಕೆ ಅನ್ನಿಸಿತ್ತು.

ಹದಿನೈದು ವರ್ಷಕ್ಕೆ ಸರಿಯಾಗಿ, 2024ರ ಫೆಬ್ರವರಿ ಕೊನೆಗೆ, ಬೋರ್‌ವೆಲ್ ಮೋಟರು ಗಾಳಿ ಉಗುಳಿತು. ಆ ಬೇಸಿಗೆ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾರ್ಚ್‌ನಲ್ಲಿ ಟ್ಯಾಂಕರ್ ನೀರಿಗೆ ಸರ್ಕಾರ ದರ ಗೊತ್ತು ಮಾಡಿತು, ಐದು ಕಿಲೋಮೀಟರ್ ಒಳಗಾದರೆ ಆರು ಸಾವಿರ ಲೀಟರಿಗೆ 600 ರೂಪಾಯಿ ಎಂದು. ನಾವು ಕೊಟ್ಟದ್ದು ಅದರ ಎರಡು ಪಟ್ಟಿಗಿಂತ ಹೆಚ್ಚು. ಅದೂ "ನಾಳೆ ಬರುತ್ತದೆ ಅಮ್ಮ" ಎಂದು ಮೂರು ದಿನ ಕಾಯಿಸಿದ ಮೇಲೆ. ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತು. ದಂಡದ ಮಾತು ಬಿಡಿ, ಅಷ್ಟು ದುಡ್ಡು ಕೊಟ್ಟು ತರಿಸಿದ ನೀರನ್ನು ದಾಸವಾಳಕ್ಕೆ ಸುರಿಯುವ ಧೈರ್ಯ ಯಾರಿಗಿದೆ?

ನನ್ನ ತೋಟ ಎಂದರೆ ತೋಟವೇನಲ್ಲ. ಮುಂದೆ ನಾಲ್ಕು ಅಡಿ ಅಗಲದ ಮಣ್ಣಿನ ಪಟ್ಟಿ, ಅದರಲ್ಲಿ ಒಂದು ಏಲಕ್ಕಿ ಬಾಳೆ, ಕರಿಬೇವು, ದಾಸವಾಳ. ಮೆಟ್ಟಿಲ ಮೇಲೆ, ಕಾಂಪೌಂಡ್ ಗೋಡೆಯ ಮೇಲೆ, ಸಂಪಿನ ಮುಚ್ಚಳದ ಸುತ್ತ ಒಟ್ಟು ಮೂವತ್ತೆಂಟು ಕುಂಡಗಳು. ದೊಡ್ಡಪತ್ರೆ, ಬಸಳೆ, ಕನಕಾಂಬರ, ಮತ್ತೆ ಅಮ್ಮ ದುರ್ಗದಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟ ದುಂಡುಮಲ್ಲಿಗೆ. ದುರ್ಗ ಎಂದರೆ ಚಿತ್ರದುರ್ಗ, ನನ್ನ ತವರು. ಬೋರ್‌ವೆಲ್ ನೀರು ಕುಡಿದು ಕುಡಿದು ಕುಂಡಗಳ ಅಂಚಿಗೆಲ್ಲ ಬಿಳಿಯ ಪೊರೆ ಕಟ್ಟಿತ್ತು. ನಮ್ಮ ನೀರು ಎಷ್ಟು ಗಡಸೆಂದರೆ ತೊಗರಿಬೇಳೆ ಒಂದು ಸೀಟಿ ಜಾಸ್ತಿ ಕೇಳುತ್ತದೆ. ಬೇಳೆಗೇ ಒಗ್ಗದ ನೀರು ಗಿಡಕ್ಕೆ ಹೇಗೆ ಒಗ್ಗೀತು ಎಂದು ಅಡುಗೆ ಮಾಡುವವಳಾದ ನನಗೆ ಮೊದಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಆ ಏಪ್ರಿಲ್ ತಿಂಗಳು ಪೂರ್ತಿ ಮಳೆಯಿಲ್ಲ. ಹನ್ನೊಂದು ಕುಂಡ ಒಣಗಿದವು. ಮಲ್ಲಿಗೆಯನ್ನು ಮಾತ್ರ ಅಕ್ಕಿ ತೊಳೆದ ನೀರು ಹಾಕಿ ಉಳಿಸಿಕೊಂಡೆ.

ಮೇ ಮೊದಲ ವಾರ ಮಳೆ ಬಂತು. ಭರಣಿ ಮಳೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ನಮ್ಮ ಬೀದಿಯಲ್ಲಿ ಬೆಳೆಯಲು ಧರಣಿ ಉಳಿದಿಲ್ಲ, ಎಲ್ಲ ಕಾಂಕ್ರೀಟು. ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ತಾರಸಿಯ ಪೈಪಿನಿಂದ ನೀರು ತೋಳಿನ ಗಾತ್ರಕ್ಕೆ ಧುಮುಕಿ, ಗೇಟಿನ ಅಡಿಯಿಂದ ರಸ್ತೆಗೆ ಹೋಗಿ, ಮೋರಿ ಸೇರುತ್ತಿತ್ತು. ಆ ಮೋರಿ ರಾಜಕಾಲುವೆಗೆ, ರಾಜಕಾಲುವೆ ವೃಷಭಾವತಿಗೆ, ಅಲ್ಲಿಂದ ಬೈರಮಂಗಲದ ಕೆರೆಗೆ. ಇತ್ತ ನಮ್ಮ ಸಂಪಿಗೆ ಬರುವ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಮೂರು ಕಡೆ ಪಂಪಾಗಿ, ಸುಮಾರು ನೂರು ಕಿಲೋಮೀಟರ್ ಗುಡ್ಡ ಹತ್ತಿ ಬರಬೇಕು. ಅಲ್ಲಿಂದ ಹತ್ತಿಸಿಕೊಳ್ಳುವುದು, ಇಲ್ಲಿಂದ ಹರಿಯಬಿಡುವುದು. ಮರುದಿನವೇ ಹೋಗಿ ನೀಲಿ ಡ್ರಮ್ಮು ತಂದೆ.

ಇನ್ನೂರು ಲೀಟರಿನ ಹಳೆಯ ಡ್ರಮ್ಮು. ಕೊಳ್ಳುವಾಗ ಒಳಗೆ ಮೂಗಿಟ್ಟು ನೋಡಿ. ಬಣ್ಣದ್ದು, ರಾಸಾಯನಿಕದ್ದು ಆದರೆ ಎಷ್ಟು ತೊಳೆದರೂ ಹೋಗುವುದಿಲ್ಲ. ನನ್ನದರಲ್ಲಿ ಯಾವುದೋ ಹಣ್ಣಿನ ಸಾಸ್ ಇತ್ತಂತೆ, ಒಂದು ವಾರ ಬಿಸಿಲಿಗೆ ಬಾಯಿ ತೆರೆದು ಮಲಗಿಸಿದೆ. ಕೆಳಗೆ ನಲ್ಲಿ ಕೂರಿಸಲು ಪ್ಲಂಬರ್ ಬಂದ. ರಬ್ಬರ್ ವಾಷರ್ ಒಳಗೊಂದು ಹೊರಗೊಂದು ಇರಬೇಕು. ಅವನು ಹೊರಗೆ ಮಾತ್ರ ಹಾಕಿ ಹೋಗಿದ್ದ, ರಾತ್ರಿಯಿಡೀ ತೊಟ್ಟಿಕ್ಕಿತು. ಡ್ರಮ್ಮನ್ನು ನೆಲದ ಮೇಲೆ ಇಟ್ಟರೆ ನಲ್ಲಿಯ ಕೆಳಗೆ ಬಕೆಟ್ ಹೋಗುವುದಿಲ್ಲ, ಎತ್ತರದಲ್ಲಿ ಇಡಬೇಕು. ಅದಕ್ಕೆ ನಾಲ್ಕು ಇಟ್ಟಿಗೆ ಸಾಲದು. ತುಂಬಿದ ಡ್ರಮ್ಮು ಎಂದರೆ ಇನ್ನೂರು ಕೇಜಿ, ಎರಡು ಕ್ವಿಂಟಲ್ ಅಕ್ಕಿ. ನಮ್ಮದು ಮೊದಲ ಸಲ ತುಂಬಿದಾಗ ಬಾಳೆಯ ಕಡೆಗೆ ವಾಲಿತು. ಆಮೇಲೆ ಸೈಜುಗಲ್ಲಿನ ಕಟ್ಟೆ ಕಟ್ಟಿಸಿದೆವು.

ಅದು ತುಂಬಿದ ದಿನದ ಸಂಭ್ರಮ ಏನು ಹೇಳಲಿ. ಮುಚ್ಚಳ ತೆಗೆದು ತೆಗೆದು ನೋಡುತ್ತಿದ್ದೆ. ಆದರೆ ನನಗೊಂದು ಹುಟ್ಟುಗುಣವಿದೆ. ತುಂಬಿದ ಡಬ್ಬಿಗೆ ಕೈ ಹಾಕಲು ಮನಸ್ಸು ಬರುವುದಿಲ್ಲ. ಹೊಸ ಸೀರೆ ಬೀರುವಿನಲ್ಲೇ ಹಳತಾಗುತ್ತದೆ. ಹಾಗೆಯೇ ಈ ನೀರನ್ನೂ ಮುಟ್ಟಲಿಲ್ಲ. ಮುಂದಿನ ಬೇಸಿಗೆಗೆ ಇರಲಿ ಎಂದು ಮುಚ್ಚಳ ಬಿಗಿದು, ಗಿಡಗಳಿಗೆ ಅಕ್ಕಿ ತೊಳೆದ ನೀರನ್ನೇ ಹಾಕುತ್ತಾ ಹೋದೆ.

ಜೂನ್ 2, ಭಾನುವಾರ. ರೋಹಿಣಿ ಮಳೆ. ಅಂದು ಬೆಂಗಳೂರಿನ ಹವಾಮಾನ ಕೇಂದ್ರದಲ್ಲಿ 111 ಮಿಲಿಮೀಟರ್ ದಾಖಲಾಯಿತು, ಜೂನ್ ತಿಂಗಳ ಒಂದೇ ದಿನದಲ್ಲಿ ಅಷ್ಟು ಮಳೆ ಹಿಂದೆಂದೂ ಬಿದ್ದಿರಲಿಲ್ಲವಂತೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಇಷ್ಟು ಸುಲಭದ ಲೆಕ್ಕ ನಮಗೆ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ. ನಮ್ಮ ತಾರಸಿ ಇಪ್ಪತ್ತೆಂಟಕ್ಕೆ ಮೂವತ್ತೆರಡು ಅಡಿ, ಎಂದರೆ ಎಂಬತ್ತಮೂರು ಚದರ ಮೀಟರ್. ನಮ್ಮ ಕಡೆಗೂ ಅಷ್ಟೇ ಬಿದ್ದಿದ್ದರೆ, ಆ ಒಂದು ದಿನ ನಮ್ಮ ನೆತ್ತಿಯ ಮೇಲೆ ಒಂಬತ್ತು ಸಾವಿರ ಲೀಟರ್. ಮಾರ್ಚ್‌ನಲ್ಲಿ ಕಾಲು ಹಿಡಿದು ತರಿಸಿದ ಟ್ಯಾಂಕರಿನ ಒಂದೂವರೆ ಪಾಲು. ಅದರಲ್ಲಿ ನಾನು ಹಿಡಿದದ್ದು ಎಷ್ಟು? ಸೊನ್ನೆ. ಡ್ರಮ್ಮು ಮೂರು ವಾರದಿಂದ ತುಂಬಿಯೇ ಕೂತಿತ್ತಲ್ಲ.

ಆ ಸೊನ್ನೆಯೂ ನನಗೆ ಬುದ್ಧಿ ಕಲಿಸಲಿಲ್ಲ. ಕಲಿಸಿದವರು ಆಶಾ ಕಾರ್ಯಕರ್ತೆ. ಆ ವರ್ಷ ಡೆಂಗಿ ಜೋರಾಗಿತ್ತು, ಮನೆಮನೆಗೆ ಬಂದು ನಿಂತ ನೀರು ನೋಡುತ್ತಿದ್ದರು. ಜುಲೈನ ಒಂದು ಬೆಳಿಗ್ಗೆ ಬಂದವರು ಡ್ರಮ್ಮಿನ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟರು. "ಅಕ್ಕಾ, ಇಲ್ಲಿ ಬನ್ನಿ" ಎಂದರು. ಬೆಳಕಿನಲ್ಲಿ ಸಣ್ಣ ಸಣ್ಣ ಕೊಂಕು ಹುಳುಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು, ಒಗ್ಗರಣೆಯಲ್ಲಿ ಜೀರಿಗೆ ಸಿಡಿದಂತೆ. ಪೈಪು ಇಳಿಯುವ ಕಡೆ ಮುಚ್ಚಳದಲ್ಲಿ ಕೊರೆಸಿದ್ದ ತೂತು ನಾಲ್ಕು ಬೆರಳು ಹೆಚ್ಚು ಅಗಲವಾಗಿತ್ತು, ಸೊಳ್ಳೆಗೆ ಅಷ್ಟು ಬಾಗಿಲು ಸಾಕು. ಡೆಂಗಿ ಸೊಳ್ಳೆಗೆ ಕೊಳಕು ನೀರು ಬೇಡ, ಇಂಥ ತಿಳಿನೀರೇ ಬೇಕು, ವಾರ ಹತ್ತು ದಿನದಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಿ ಹಾರುತ್ತದೆ ಎಂದು ವಿವರಿಸಿ, ನನ್ನ ಕಣ್ಣೆದುರೇ ನಲ್ಲಿ ಪೂರ್ತಿ ತಿರುಗಿಸಿದರು. ಎರಡು ತಿಂಗಳು ಕಾಪಾಡಿದ ನೀರು. ಅಷ್ಟೂ ನೀರು ಬಾಳೆಯ ಬುಡಕ್ಕೆ ಹೋಯಿತು. ಬಾಳೆ ಒಂದೇ ವಾರದಲ್ಲಿ ಎರಡು ಎಲೆ ಬಿಚ್ಚಿತು, ನನ್ನನ್ನು ಹಂಗಿಸುವಂತೆ.

ಅಮ್ಮನಿಗೆ ಫೋನಿನಲ್ಲಿ ಹೇಳಿ ಅತ್ತುಕೊಂಡೆ. ಅಮ್ಮ ಡ್ರಮ್ಮು ಎಷ್ಟು ದೊಡ್ಡದು ಎಂದು ಕೇಳಲಿಲ್ಲ. "ಕೋಡಿ ಎಲ್ಲಿಗೆ ಬಿಟ್ಟಿದ್ದೀಯೇ?" ಎಂದರು. ಕೋಡಿಯೇ? ತುಂಬಿದ ಕೆರೆಯ ಹೆಚ್ಚಿನ ನೀರು ಹೊರಹೋಗುವ ದಾರಿಯಲ್ಲವೇ ಅದು, ಡ್ರಮ್ಮಿಗೆ ಎಂಥ ಕೋಡಿ? "ಮತ್ತೆ ಕೋಡಿ ಇಲ್ಲದೆ ಏನು ಕೆರೆ ಕಟ್ಟಿದೆ" ಎಂದು ಫೋನ್ ಇಟ್ಟರು.

ದುರ್ಗದವರಿಗೆ ಈ ಪ್ರಶ್ನೆ ಸಹಜ. ನಮ್ಮ ಕೋಟೆಯ ಮೇಲೆ ಹೊಳೆಯಿಲ್ಲ, ನದಿಯಿಲ್ಲ, ಬಂಡೆಗಳ ಮೇಲೆ ಬಿದ್ದ ಮಳೆಯೇ ಎಲ್ಲ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದ ನೀರು ಅಕ್ಕ-ತಂಗಿಯರ ಹೊಂಡಕ್ಕೆ ಇಳಿಯುತ್ತದೆ. ಹೀಗೆ ಒಂದರಿಂದ ಒಂದಕ್ಕೆ ಇಳಿದು ಕೊನೆಗೆ ಊರಿನ ಸಿಹಿನೀರು ಹೊಂಡ, ಸಂತೆಹೊಂಡ. ಚಿಕ್ಕವಳಿದ್ದಾಗ ಅಪ್ಪ ಆ ಮೆಟ್ಟಿಲ ಮೇಲೆ ಕೂರಿಸಿ ತೋರಿಸುತ್ತಿದ್ದರು. ನನ್ನ ಗಮನವೆಲ್ಲ ಕಡಲೆಕಾಯಿ ಪೊಟ್ಟಣದ ಮೇಲಿರುತ್ತಿತ್ತು. ಯಾವ ಹೊಂಡವೂ ತನ್ನ ಬಾಯಿಯ ಮೇಲಿನ ನೀರನ್ನು ತಾನೇ ಇಟ್ಟುಕೊಳ್ಳುವುದಿಲ್ಲ, ಮುಂದಿನದಕ್ಕೆ ದಾಟಿಸುತ್ತದೆ. ಆ ಊರಿನಲ್ಲಿ ಹುಟ್ಟಿ ನಾನು ಮುಚ್ಚಳ ಬಿಗಿದುಕೊಂಡು ಕೂತಿದ್ದೆ. ಅಂದ ಹಾಗೆ ನಮ್ಮ ಜಿಲ್ಲೆಯವರು ಕೋಡಿಗೆ ಹಂಬಲಿಸಿದಷ್ಟು ಬೇರೆ ಯಾರೂ ಹಂಬಲಿಸಿರಲಿಕ್ಕಿಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಎಂಬತ್ತು ದಾಟಿದ ಅಮ್ಮ ಕಾರಿನಲ್ಲಿ ಹೋಗಿ ನೋಡಿಕೊಂಡು ಬಂದು ಎರಡು ದಿನ ಅದನ್ನೇ ಮಾತಾಡಿದರು.

ಡ್ರಮ್ಮಿನ ಕುತ್ತಿಗೆಯ ಹತ್ತಿರ ಒಂದು ತೂತು ಕೊರೆಸಿ ಪೈಪು ಹಾಕಿಸಿ, ಪಕ್ಕದಲ್ಲಿ ಎರಡನೆಯ ಡ್ರಮ್ಮು ಇಟ್ಟೆ. ಅದರ ಕೋಡಿ ಸದ್ಯಕ್ಕೆ ಬಾಳೆಗೆ. ಬಾಯಿಗೆ ಹಳೆಯ ಸೊಳ್ಳೆಪರದೆ ಎರಡು ಮಡಿಕೆ ಮಾಡಿ ಸೈಕಲ್ ಟ್ಯೂಬಿನಿಂದ ಬಿಗಿದೆ. ನೀರು ಇಳಿಯುತ್ತದೆ, ಸೊಳ್ಳೆ ಇಳಿಯುವುದಿಲ್ಲ. ಮತ್ತೆ ಒಂದು ನೇಮ ಮಾಡಿಕೊಂಡೆ. ಮೋಡ ಕಂಡರೆ ಡ್ರಮ್ಮು ಖಾಲಿ ಮಾಡಬೇಕು. ಇದಕ್ಕೆ ನನ್ನ ಕೈ ಒಗ್ಗಲು ತಿಂಗಳುಗಳೇ ಹಿಡಿದವು. ಮಳೆ ಬರುವ ಮುಂಚೆ ಗಿಡಕ್ಕೆ ನೀರು ಹಾಕುವುದನ್ನು ನೋಡಿ ಎದುರುಮನೆಯ ಅಜ್ಜಿ "ಇವಳಿಗೇನು ತಲೆ ಕೆಟ್ಟಿದೆಯೇ" ಎಂದು ಸೊಸೆಯನ್ನು ಕೇಳಿದರಂತೆ. ಕೇಳಲಿ. ಕರಿಬೇವು ಎರಡೇ ತಿಂಗಳಲ್ಲಿ ಹಳದಿ ಬಿಟ್ಟು ಕಡುಹಸಿರಾಯಿತು. ಕುಂಡದ ಬಿಳಿಯ ಪೊರೆಯನ್ನು ಒಮ್ಮೆ ತಿಕ್ಕಿ ತೆಗೆದೆ, ಮತ್ತೆ ಕಟ್ಟಲಿಲ್ಲ.

ಇನ್ನು 2025ರ ಏಪ್ರಿಲ್ ಕಥೆ. ಎಲ್ಲ ಕಲಿತೆ ಎಂದುಕೊಂಡಿದ್ದೆ. ಸಂಡಿಗೆಯ ಭರಾಟೆಯ ದಿನಗಳು. ಬೆಳಿಗ್ಗೆ ಐದಕ್ಕೆ ಸಬ್ಬಕ್ಕಿ ಗಂಜಿ ಕಾಯಿಸಿ, ಬಿಸಿಬಿಸಿಯಾಗಿ ತಾರಸಿಗೆ ಒಯ್ದು, ಸೌಟಿನಲ್ಲಿ ಪಂಚೆಯ ಮೇಲೆ ಹೊಯ್ಯುವುದು. ಮುಗಿದ ಮೇಲೆ ಪಾತ್ರೆಯನ್ನು ಅಲ್ಲೇ ತೊಳೆದು ನೀರು ಚೆಲ್ಲುವುದು. ವರ್ಷಗಳ ಅಭ್ಯಾಸ. ಆ ಗಂಜಿನೀರು ತಾರಸಿಯ ಮೇಲೆ ತೆಳ್ಳಗೆ ಒಣಗಿ, ದಿನದ ಮೇಲೆ ದಿನ ಪದರ ಕಟ್ಟಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬರಿಗಾಲಿಗೆ ಮಾತ್ರ ನಯವಾಗಿ ಸಿಗುತ್ತದೆ. ಅದರ ಮೇಲೆ ಪಾರಿವಾಳದ ಹಿಕ್ಕೆ, ಮಾಗಡಿ ರಸ್ತೆಯ ಧೂಳು. ಒಂದು ಸಂಜೆ ಅಶ್ವಿನಿ ಮಳೆ ಸುರಿಯಿತು. ಸಂಡಿಗೆ ಉಳಿಯಿತು. ಎರಡೂ ಡ್ರಮ್ಮು ತುಂಬಿದವು. ಅಷ್ಟರಲ್ಲಿ ಮೈದುನನ ಮನೆಯ ಗೃಹಪ್ರವೇಶಕ್ಕೆ ಹೋಗಬೇಕಾಯಿತು, ನಾಲ್ಕು ದಿನ.

ಬಂದು ಗೇಟು ತೆಗೆದರೆ ವಾಸನೆ. ಹುಳಿ ಬಂದ ಗಂಜಿ, ಮೇಲೆ ಇನ್ನೂ ಏನೋ. ಯಜಮಾನರು ಮೋರಿ ಕಟ್ಟಿಕೊಂಡಿದೆ ಎಂದು ಎರಡು ದಿನದಿಂದ ಮೋರಿಗೆ ಫಿನಾಯಿಲ್ ಸುರಿಯುತ್ತಿದ್ದರು. ಪರದೆ ಬಿಚ್ಚಿದೆ. ನೀರಿನ ಮೇಲೆ ಬೆಳ್ಳಗೆ ಕೆನೆ, ಕೆನೆಯಲ್ಲಿ ಅಲ್ಲಲ್ಲಿ ಜೀರಿಗೆ. ನನ್ನ ಸಂಡಿಗೆಯ ಜೀರಿಗೆಯೇ! ಬೆರಳು ಅದ್ದಿದರೆ ಅಂಟುತ್ತದೆ. ನಾನೂರು ಲೀಟರ್ ಹುಳಿಗಂಜಿಯನ್ನು ಏನು ಮಾಡುವುದು? ಮಲ್ಲಿಗೆಗೆ ಹಾಕಲು ಹೆದರಿಕೆ. ಇಬ್ಬರೂ ಸೇರಿ ಕತ್ತಲಾದ ಮೇಲೆ ಬಕೆಟ್ಟಿನಲ್ಲಿ ಹೊತ್ತು ಹಿಂದಿನ ಖಾಲಿ ಸೈಟಿನ ಹೊಂಗೆಮರದ ಬುಡಕ್ಕೆ ಸುರಿದೆವು. ಡ್ರಮ್ಮಿನ ಗೋಡೆ ತಿಕ್ಕಿ ತಿಕ್ಕಿ ನನ್ನ ಬಳೆ ಒಡೆಯಿತು.

ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು ಎಂದು ಜಯನಗರದ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಥೀಮ್ ಪಾರ್ಕಿನಲ್ಲಿ ನೋಡಿಕೊಂಡು ಬಂದಿದ್ದೆ. ಕೇಳಿದ್ದೆ, ಮಾಡಿರಲಿಲ್ಲ. ಈಗ ಪ್ಲಂಬರನನ್ನು ಕರೆಸಿದೆ. ಅವನು ಪೈಪಿಗೆ ‘ಟೀ’ ಎನ್ನುವ ಮೂರು ಬಾಯಿಯ ತುಂಡು ಹಾಕಿ, ಕೆಳಕ್ಕೆ ನಾಲ್ಕು ಅಡಿಯ ತುಂಡು ಇಳಿಸಿ, ತುದಿಗೆ ಎಂಡ್ ಕ್ಯಾಪ್ ಮುಚ್ಚಿದ. ಕೊಳೆಯೆಲ್ಲ ಇದರಲ್ಲಿ ನಿಲ್ಲುತ್ತದೆ ಅಮ್ಮ, ಇದು ತುಂಬಿದ ಮೇಲೆ ಒಳ್ಳೆಯ ನೀರು ಡ್ರಮ್ಮಿಗೆ ಎಂದ. ನಾನು ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಮುಂದಿನ ಪೈಪಿಗೆ ಇಳಿಯುವುದು ಅರ್ಧ ತಾರಸಿ, ನಲವತ್ತೊಂದು ಚದರ ಮೀಟರ್. ಮೊದಲ ಒಂದು ಮಿಲಿಮೀಟರ್ ಬಿಟ್ಟರೂ ನಲವತ್ತು ಲೀಟರ್ ಹೊರಗೆ ಹೋಗಬೇಕು. ನಾಲ್ಕು ಇಂಚಿನ ಪೈಪು ಒಂದು ಮೀಟರಿಗೆ ಹಿಡಿಯುವುದು ಎಂಟು ಲೀಟರ್ ಚಿಲ್ಲರೆ. ಅವನ ನಾಲ್ಕು ಅಡಿಯಲ್ಲಿ ನಿಲ್ಲುವುದು ಹತ್ತು ಲೀಟರ್. ನಲವತ್ತು ನಿಲ್ಲಬೇಕಾದರೆ ಸುಮಾರು ಐದು ಮೀಟರ್ ಬೇಕು, ನಮ್ಮ ಮನೆಯೇ ಅಷ್ಟು ಎತ್ತರ ಇಲ್ಲ. ಮಾರುಕಟ್ಟೆಯಲ್ಲಿ ಒಳ್ಳೆಯ ಫಿಲ್ಟರುಗಳಿವೆ, ಇಲ್ಲವೆನ್ನುವುದಿಲ್ಲ. ಆದರೆ ಗಂಜಿಯನ್ನು ಯಾವ ಫಿಲ್ಟರೂ ಸೋಸುವುದಿಲ್ಲ.

"ಈ ಟೀ ತೆಗೆದುಬಿಡಪ್ಪ. ತುದಿಗೆ ಒಂದು ಬೆಂಡ್, ಅದಕ್ಕೆ ಎರಡು ಅಡಿ ಪೈಪು. ಬೆಂಡಿಗೆ ಅಂಟಿನ ಸಲ್ಯೂಷನ್ ಹಾಕಬೇಡ" ಎಂದೆ.

"ಸಲ್ಯೂಷನ್ ಹಾಕದಿದ್ದರೆ ಕಿತ್ತುಕೊಂಡು ಬರುತ್ತದೆ ಅಮ್ಮ."

"ಬರಲಿ. ಮತ್ತೆ ಸಿಕ್ಕಿಸುತ್ತೇನೆ."

ಅವನಿಗೆ ಅದು ಕೆಲಸಕ್ಕೆ ಅವಮಾನ. ಕೊನೆಗೆ ಬೈಂಡಿಂಗ್ ತಂತಿಯಿಂದ ಒಂದು ಸುತ್ತು ಸಡಿಲವಾಗಿ ಕಟ್ಟಿಕೊಟ್ಟ. ಬೆಂಡಿನ ಒಳಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿದ್ದೇನೆ, ಒಂದೇ ಕೈಯಲ್ಲಿ ತಿರುಗುತ್ತದೆ. ಎಡಕ್ಕೆ ಬಾಳೆ, ಬಲಕ್ಕೆ ಡ್ರಮ್ಮು. ಮಳೆ ಶುರುವಾದಾಗ ಎಡಕ್ಕೇ ಇರಬೇಕು.

ಎಷ್ಟು ಹೊತ್ತು? ಅದಕ್ಕೆ ನನ್ನ ಬಳಿ ಒಂದು ಸ್ಟೀಲ್ ಬೋಗುಣಿ ಇದೆ. ಮದುವೆಯಲ್ಲಿ ಸೋದರಮಾವ ಕೊಟ್ಟದ್ದು, ಒಳಗೆ ತಳದಲ್ಲಿ ನಮ್ಮಿಬ್ಬರ ಹೆಸರು, ಕೆಳಗೆ 12-5-1989 ಎಂದು ಚುಕ್ಕಿಚುಕ್ಕಿಯಾಗಿ ಕೊರೆಸಿದ್ದಾರೆ. ಪೈಪಿನ ಬಾಯಿಗೆ ಅದನ್ನು ಹಿಡಿದು ತುಂಬಿಸುತ್ತೇನೆ. ಮೊದಲ ಬೋಗುಣಿ ಕಾಫಿ ಡಿಕಾಕ್ಷನ್. ಆಮೇಲೆ ತಿಳಿಸಾರು. ಹೆಸರು ಮಸುಕಾಗಿ ಕಾಣತೊಡಗುತ್ತದೆ. ತಾರೀಖಿನ ಚುಕ್ಕಿಗಳು ಎಣಿಸುವಷ್ಟು ಕಂಡವೋ, ಬೆಂಡು ಬಲಕ್ಕೆ. ಬೇಸಿಗೆಯ ಮೊದಲ ಎರಡು ಮಳೆಗೆ ಮಾತ್ರ ಬೋಗುಣಿ ತಿಳಿಯಾದರೂ ತಿರುಗಿಸುವುದಿಲ್ಲ. ಆ ಗಂಜಿ, ಆ ಹಿಕ್ಕೆ ಎಲ್ಲ ಬಾಳೆಗೆ ಇರಲಿ, ಅದಕ್ಕೆ ಯಾವುದೂ ಬೇಡವೆನ್ನುವ ಸ್ವಭಾವವಿಲ್ಲ. ಪಾತ್ರೆಯನ್ನೂ ಈಗ ಕೆಳಗೆ ತಂದು ತೊಳೆಯುತ್ತೇನೆ.

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಡ್ರಮ್ಮು ತುಂಬಿದ ದಿನಕ್ಕೆ ಒಂದು ಸುತ್ತು ಹಾಕುತ್ತಾ ಬಂದೆ. 2025ರಲ್ಲಿ ಮೇ ತಿಂಗಳಿಂದ ನವೆಂಬರ್‌ವರೆಗೆ ಇಪ್ಪತ್ತೆಂಟು ಸುತ್ತು. ನಾನೂರು ಲೀಟರಿನಂತೆ ಹನ್ನೊಂದು ಸಾವಿರ ಚಿಲ್ಲರೆ. ಒಂದೇ ಸಲಕ್ಕೆ ಹನ್ನೊಂದು ಸಾವಿರ ಲೀಟರ್ ಹಿಡಿಯುವ ತೊಟ್ಟಿ ಕಟ್ಟಿಸಲು ನಮ್ಮಲ್ಲಿ ಜಾಗವೂ ಇಲ್ಲ, ದುಡ್ಡೂ ಇಲ್ಲ. ಎರಡು ಹಳೆಯ ಡ್ರಮ್ಮು ಬರಿದಾಗಿ ತುಂಬಿ, ಬರಿದಾಗಿ ತುಂಬಿ ಅಷ್ಟು ಕೊಟ್ಟವು. ನನ್ನ ಗಿಡಗಳಿಗೆ ದಿನಕ್ಕೆ ನಲವತ್ತೈದು ಲೀಟರ್ ಸಾಕು, ಎಂದರೆ ಒಂದು ತುಂಬಿಗೆ ಒಂಬತ್ತು ದಿನ. ಬೆಂಗಳೂರಿನ ಮಳೆಯ ಗುಣವೂ ಇದಕ್ಕೆ ಒಗ್ಗುತ್ತದೆ. ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಬೀಳುವುದಾದರೂ ಮಲೆನಾಡಿನಂತೆ ಒಂದೇ ಸಮ ಸುರಿಯುವುದಿಲ್ಲ. ಮೇ ತಿಂಗಳಲ್ಲಿ ಒಂದಿಷ್ಟು, ನಡುವೆ ಬಿಡುಬಿಡುವಾಗಿ, ಮತ್ತೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಜೋರು. ಆ ನಡುವಿನ ಒಣ ದಿನಗಳನ್ನು ಡ್ರಮ್ಮು ದಾಟಿಸುತ್ತದೆ.

ದಾಟಿಸಲಾರದ್ದು ಬೇಸಿಗೆಯನ್ನು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎರಡು ಡ್ರಮ್ಮು ಇಟ್ಟುಕೊಂಡರೆ ಮಾರ್ಚ್‌ನಲ್ಲಿ ತೋಟ ಹಸಿರಾಗಿರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಜನವರಿ, ಫೆಬ್ರವರಿ, ಮಾರ್ಚ್ ಇಲ್ಲಿ ಮಳೆ ಇಲ್ಲವೆಂದೇ ಲೆಕ್ಕ. ಬೆಂಗಳೂರಿನ ವಿಜಯನಗರದ ಮಳೆನೀರು ಕೊಯ್ಲು ತಜ್ಞ ಎ.ಆರ್. ಶಿವಕುಮಾರ್ ಅವರ ಮನೆಯಂತೆ ಮಳೆನೀರಿನಲ್ಲೇ ವರ್ಷವಿಡೀ ಸಂಸಾರ ನಡೆಸಬೇಕಾದರೆ ಮನೆ ಕಟ್ಟುವಾಗಲೇ ತೊಟ್ಟಿಗಳಿಗೆ ಜಾಗ ಗೊತ್ತು ಮಾಡಿರಬೇಕು. ನಾವು ಆಗ ಕಾರಿಗೆ ಜಾಗ ಗೊತ್ತು ಮಾಡಿದ್ದೆವು, ಕಾರು ಇನ್ನೂ ಬಂದಿಲ್ಲ. ಬೇಸಿಗೆಗೆ ನನ್ನದು ಅಡುಗೆಮನೆಯ ನೀರೇ. ಅಕ್ಕಿ, ಬೇಳೆ, ತರಕಾರಿ ತೊಳೆದದ್ದು ಒಂದು ಬಕೆಟ್ಟಿಗೆ. ಅದೇ ದಿನ ಗಿಡಕ್ಕೆ. ಕುಂಡಗಳ ಮೇಲೆ ತರಗೆಲೆ, ತೆಂಗಿನ ನಾರು ಎರಡು ಇಂಚು ಹೊದಿಸಿದ ಮೇಲೆ ದಿನ ಬಿಟ್ಟು ದಿನ ಹಾಕಿದರೂ ನಡೆಯುತ್ತದೆ.

ಎರಡನೆಯ ಡ್ರಮ್ಮಿನ ಕೋಡಿಯ ವಿಷಯ ಉಳಿದಿತ್ತು. ಅಷ್ಟು ನೀರನ್ನು ಬಾಳೆ ಕುಡಿದು ಮುಗಿಸುವುದಿಲ್ಲ, ದೊಡ್ಡ ಮಳೆಯಲ್ಲಿ ಮತ್ತೆ ರಸ್ತೆಯೇ ಗತಿಯಾಗುತ್ತಿತ್ತು. ಸಂಡಿಗೆಯ ಎರಡು ಬೇಸಿಗೆಯ ದುಡ್ಡು ಒಟ್ಟುಗೂಡಿಸಿ ಇಂಗುಬಾವಿ ತೋಡಿಸಿದೆ. ತಲೆಮಾರುಗಳಿಂದ ಬಾವಿ ತೋಡುವ ಮಣ್ಣುವಡ್ಡರ ಪೈಕಿ ಇಬ್ಬರು ಅಣ್ಣತಮ್ಮಂದಿರು ಬಂದರು. ಯಜಮಾನರಿಗೆ ವಾಸ್ತುವಿನ ಪ್ರಕಾರ ಈಶಾನ್ಯದಲ್ಲೇ ಆಗಬೇಕಿತ್ತು. ಈಶಾನ್ಯದಲ್ಲಿ ಸಂಪು ಕೂತಿದೆ. ಶೌಚದ ಚೇಂಬರಿನಿಂದ ದೂರ ಇರಬೇಕು, ಅಷ್ಟೇ ವಾಸ್ತು ಎಂದು ಅಣ್ಣ ಮುಂದಿನ ಮೂಲೆಗೆ ಗುದ್ದಲಿ ಇಟ್ಟ. ಮೂರು ಅಡಿ ಅಗಲ. ಏಳು ಅಡಿಯವರೆಗೆ ಕೆಂಪು ಮಣ್ಣು, ಆಮೇಲೆ ಗರಸು. ಅವನು ಒಂದು ಹಿಡಿ ಮೇಲಕ್ಕೆ ಕಳಿಸಿ "ಇದು ನೀರು ಕುಡಿಯುವ ನೆಲ, ನೋಡಿ ಅಮ್ಮ" ಎಂದ. ಒಂದು ಚೆಂಬು ನೀರು ಸುರಿದರೆ ನಿಲ್ಲದೆ ಹೋಯಿತು. ಹನ್ನೆರಡು ಅಡಿಗೆ ನಿಲ್ಲಿಸಿ, ತೂತುಗಳಿರುವ ಸಿಮೆಂಟ್ ರಿಂಗು ಇಳಿಸಿದರು. ಒಳಗೆ ಜಲ್ಲಿ ತುಂಬಿಸುವುದಿಲ್ಲವೇ ಎಂದು ನಾನು ಕೇಳಿದೆ, ಅಕ್ಕಪಕ್ಕದಲ್ಲಿ ಹಾಗೆ ಮಾಡಿದ್ದನ್ನು ನೋಡಿದ್ದೆ. "ಜಲ್ಲಿ ತುಂಬಿದರೆ ನೀರಿಗೆ ಜಾಗ ಎಲ್ಲಿ? ಹೂಳು ಕೂತರೆ ಇಳಿದು ತೆಗೆಯುವುದು ಹೇಗೆ?" ಎಂದ. ಖಾಲಿ ಬಿಟ್ಟರೆ ಎರಡು ಸಾವಿರದ ನಾನೂರು ಲೀಟರ್ ಹಿಡಿಯುತ್ತದೆ. ಮೇಲೆ ಗಟ್ಟಿ ಮುಚ್ಚಳ, ಪಕ್ಕದಲ್ಲಿ ಹೂಳು ಕೂರಲು ಸಣ್ಣ ಗುಂಡಿ.

ಬೋರ್‌ವೆಲ್ ಮತ್ತೆ ಬಂತೇ ಎಂದು ಕೇಳುವವರಿದ್ದಾರೆ. ಇಲ್ಲ. ಅದು ನಾನೂರ ಎಂಬತ್ತು ಅಡಿ, ಇದು ಹನ್ನೆರಡು. ಇಳಿದ ನೀರು ಬಂಡೆಯ ಯಾವ ಬಿರುಕು ಹಿಡಿದು ಎಲ್ಲಿಗೆ ಹೋಗುತ್ತದೋ, ಯಾರ ಮನೆಯ ಮೋಟರಿಗೆ ಸಿಗುತ್ತದೋ. ಕೋಡಿಯ ನೀರಿಗೆ ಹೆಸರು ಕೊರೆಸಲಾಗುತ್ತದೆಯೇ ಎಂದು ಅಮ್ಮ ಇದಕ್ಕೂ ಒಂದು ಮಾತು ಹೇಳಿದರು.

ಮೊನ್ನೆ ಅಮ್ಮನನ್ನು ನೋಡಲು ದುರ್ಗಕ್ಕೆ ಹೋಗಿದ್ದೆ. ಸಂಜೆ ಆರರ ಹೊತ್ತಿಗೆ ಫೋನ್ ಬಂತು. ಹಿನ್ನೆಲೆಯಲ್ಲಿ ಧೋ ಎನ್ನುವ ಸದ್ದು. "ಮಳೆ ಬರುತ್ತಿದೆ. ಕೊಡೆ ಹಿಡಿದು ಪೈಪಿನ ಹತ್ತಿರ ನಿಂತಿದ್ದೇನೆ" ಎಂದರು ಯಜಮಾನರು. 2009ರಲ್ಲಿ ಪತ್ರಿಕೆ ಮಡಿಸಿಟ್ಟವರು ಇವರೇ.

"ಬೋಗುಣಿ ಹಿಡಿದಿದ್ದೀರಾ?"

"ಹಿಡಿದಿದ್ದೇನೆ. ನಿನ್ನ ಹೆಸರು ಕಾಣುತ್ತಿದೆ, ನನ್ನದು ಕಾಣುತ್ತಿದೆ. ತಾರೀಖು ಏನೋ ಹನ್ನೆರಡೋ ಹದಿನೇಳೋ ಗೊತ್ತಾಗುತ್ತಿಲ್ಲ. ತಿರುಗಿಸಲೇ?"

"ಮದುವೆ ತಾರೀಖು ನಿಮಗೆ ಯಾವ ವರ್ಷ ಗೊತ್ತಿತ್ತು? ಕನ್ನಡಕ ಹಾಕಿಕೊಂಡು ನೋಡಿ" ಎಂದೆ.